ಒಂಬತ್ತು ಮಕ್ಕಳ ತಾಯಿ ಸಂತ ಝೆಲಿಯಮ್ಮನವರು

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ, ಇಲ್ಲಿ ಸೇವೆ ಸಲ್ಲಿಸಿ ಹೋದ ಗುರುಗಳ ಹೆಸರುಗಳಿವೆ. ಧನಸಹಾಯವಿತ್ತ ಮಹನೀಯರ ಹೆಸರುಗಳಿವೆ. ಕಟ್ಟಡಕ್ಕಾಗಿ ದುಡಿದವರ ಹೆಸರುಗಳೂ ಇವೆ. ತಾಯಂದಿರ ಹೆಸರುಗಳು ಮಾತ್ರ ಅಪರೂಪ. ಅವನ್ನು ಕಾಣಬೇಕಾದರೆ ಗುರುಮನೆಯ ಕಪಾಟಿನಲ್ಲಿರುವ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆಯಬೇಕು. ಅಲ್ಲಿ ತಂದೆಯ ಹೆಸರಿನ ಪಕ್ಕದ ಇಕ್ಕಟ್ಟಾದ ಅಂಕಣದಲ್ಲಿ ಒಂದೇ ಹೆಸರು ಎರಡು ವರುಷಕ್ಕೊಮ್ಮೆ ಮರಳಿ ಬರುತ್ತಿರುತ್ತದೆ. ಕೆಲವೊಮ್ಮೆ ಮರಣದ ದಾಖಲೆಯಲ್ಲಿಯೂ ಅದೇ ಹೆಸರು, ತೀರಿಕೊಂಡ ಕೂಸಿನ ತಾಯಿಯೆಂದು. ಸಂಚಿಕೆಗೆ ಚಾರಿತ್ರಿಕ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಆ ಅಂಕಣವೇ.

ಆದುದರಿಂದ ಒಬ್ಬ ತಾಯಿಯ ಚರಿತ್ರೆಯನ್ನೇ ಬರೆಯಲು ಮನಸ್ಸು ಮಾಡಿದೆವು. ಆಕೆ ನಮ್ಮ ನಾಡಿನವರಲ್ಲ, ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತದವರು. ಆದರೆ ಆಕೆಯ ಕಡೆಯ ಮಗಳು ನಮ್ಮೆಲ್ಲರಿಗೂ ಪರಿಚಿತೆ. ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗವಚಿಕೊಂಡು ನಿಂತಿರುವ ಕಿರುಪುಷ್ಪ ಸಂತ ತೆರೇಸಮ್ಮನವರ ಸ್ವರೂಪ ಕನ್ನಡ ನಾಡಿನ ಎಷ್ಟೋ ದೇವಾಲಯಗಳಲ್ಲಿದೆ. ಆ ತೆರೇಸಮ್ಮನವರನ್ನು ಹೆತ್ತವರೇ ಝೆಲಿ ಮಾರ್ಟಿನ್. ನಾವು ಗುರುಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಈ ತಾಯಿಯ ಹೆಸರಿನ ಮುಂದೆ ಯಾವ ಪದವಿಯೂ ಇರಲಿಲ್ಲ. ಮಗಳ ಚರಿತ್ರೆಯ ಮೊದಲನೆಯ ಅಧ್ಯಾಯದಲ್ಲಿ ಬಂದು ಅಲ್ಲಿಯೇ ತೀರಿಕೊಳ್ಳುವ ಒಬ್ಬ ಸಾಧ್ವಿ, ಅಷ್ಟೆ. ನಾವೂ ಅನೇಕ ವರುಷಗಳ ಕಾಲ ಪ್ರಸಂಗಗಳಲ್ಲಿ ಆಕೆಯನ್ನು ಹಾಗೆಯೇ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಿದ್ದೆವು.

ಝೆಲಿ ಗೆರೇನ್ ಹುಟ್ಟಿದ್ದು 1831ರ ಡಿಸೆಂಬರ್ 23ರಂದು. ತಂದೆ ಸೈನಿಕ ವೃತ್ತಿಯಲ್ಲಿದ್ದು ಅನಂತರ ಪೊಲೀಸು ದಳದಲ್ಲಿ ದುಡಿದವರು. ತಾಯಿ ದೈವಭಕ್ತೆಯಾದರೂ ಬಹು ಕಠಿಣ ಸ್ವಭಾವದವರು. ಬಾಲ್ಯದಲ್ಲಿ ತನಗೊಂದು ಗೊಂಬೆಯೂ ಸಿಕ್ಕಿರಲಿಲ್ಲವೆಂದು ಝೆಲಿ ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ತನ್ನ ಮಕ್ಕಳ ವಿಷಯದಲ್ಲಿ ಆಕೆ ತೋರಿದ ಅಪಾರ ಮಮತೆಯ ಬೇರು ಬಹುಶಃ ಅಲ್ಲಿಯೇ ಇದೆ. 1844ರಲ್ಲಿ ಕುಟುಂಬ ಅಲಾನ್ಸೋನ್ ಪಟ್ಟಣಕ್ಕೆ ಬಂದು ನೆಲೆಸಿತು. ಯೌವನದಲ್ಲಿ ಝೆಲಿಗೆ ಕನ್ಯಾಸ್ತ್ರೀಯಾಗಬೇಕೆಂಬ ಹಂಬಲ. ರೋಗಿಗಳ ಸೇವೆ ಮಾಡುತ್ತಿದ್ದ ಸಂತ ವಿನ್ಸೆಂಟ್ ಡಿ ಪೌಲರ ಸಭೆಯ ಮಠಾಧ್ಯಕ್ಷೆಯನ್ನು ಕಂಡು ಬಿನ್ನವಿಸಿಕೊಂಡರು. ಅದು ನಿನಗೆ ದೇವರು ಕೊಟ್ಟ ಕರೆಯಲ್ಲವೆಂದು ಆಕೆ ನೇರವಾಗಿ ತಿಳಿಸಿಬಿಟ್ಟರು. ಮುಂದೆ ಆಕೆಯ ಪತಿಯಾಗಲಿದ್ದ ಲೂಯಿ ಮಾರ್ಟಿನ್ ಎಂಬ ಗಡಿಯಾರ ಕಸುಬಿನ ತರುಣನೂ ಆಲ್ಪ್ಸ್ ಪರ್ವತದ ಸಂತ ಬರ್ನಾರ್ಡರ ಮಠವನ್ನು ಸೇರಲು ಹೋಗಿ, ಲತೀನ್ ಭಾಷೆ ಬರುವುದಿಲ್ಲವೆಂಬ ಕಾರಣಕ್ಕೆ ಹಿಂದಿರುಗಿದ್ದವರು. ಹೀಗೆ ಮಠದ ಬಾಗಿಲಿನಿಂದ ಮರಳಿ ಬಂದವರಿಬ್ಬರು ಧರ್ಮಸಭೆಗೆ ಐವರು ಕನ್ಯಾಸ್ತ್ರೀಯರನ್ನು ಕೊಟ್ಟರು.

ಕನ್ಯಾಮಠ ತಪ್ಪಿದ ಮೇಲೆ ಜೀವನಕ್ಕೊಂದು ದಾರಿ ಬೇಕಾಯಿತು. 1851ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಅಲಾನ್ಸೋನ್ ಲೇಸಿನ ಕೆಲಸವನ್ನು ಕೈಗೊಳ್ಳಬೇಕೆಂಬ ಪ್ರೇರಣೆ ಆಕೆಯ ಅಂತರಂಗದಲ್ಲಿ ಮೂಡಿತಂತೆ. ಈ ಲೇಸನ್ನು ಕುರಿತು ಎರಡು ಮಾತು ಹೇಳಬೇಕು. ಇದು ಸೂಜಿ ಮತ್ತು ನೂಲು ಎರಡರಿಂದಲೇ ಹೆಣೆಯುವ ಅತಿ ಸೂಕ್ಷ್ಮವಾದ ಕೆಲಸ. ಚದರ ಸೆಂಟಿಮೀಟರಿನಷ್ಟು ಲೇಸಿಗೆ ಏಳು ತಾಸುಗಳ ದುಡಿಮೆ ಬೇಕೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ; 2010ರಲ್ಲಿ ಯುನೆಸ್ಕೋ ಸಂಸ್ಥೆ ಈ ಕಲೆಯನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಒಬ್ಬೊಬ್ಬ ಹೆಂಗಸು ಒಂದೊಂದು ಬಗೆಯ ಹೊಲಿಗೆಯಲ್ಲಿ ಪರಿಣತಳು. ತಮ್ಮ ತಮ್ಮ ಮನೆಗಳಲ್ಲಿ ಕುಳಿತು ಅವರು ಸಿದ್ಧಪಡಿಸಿದ ತುಂಡುಗಳನ್ನು ಕಡೆಯಲ್ಲಿ ಒಂದಕ್ಕೊಂದು ಜೋಡಿಸಬೇಕು. ಜೋಡಿಸಿದ ಗುರುತು ಕಣ್ಣಿಗೆ ಬೀಳಬಾರದು. ಆ ಕಡೆಯ ಕೆಲಸ ಝೆಲಿಯವರದು. 1853ರಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿ, ಪ್ರತಿ ಗುರುವಾರ ಕೆಲಸಗಾರ್ತಿಯರನ್ನು ಮನೆಗೆ ಬರಮಾಡಿಕೊಂಡು, ಮುಗಿದ ತುಂಡುಗಳನ್ನು ಪಡೆದು ಹೊಸ ನೂಲನ್ನೂ ನಕ್ಷೆಯನ್ನೂ ಕೊಡುತ್ತಿದ್ದರು. ಯಾರಾದರೂ ಕಾಯಿಲೆ ಬಿದ್ದರೆ ಭಾನುವಾರದ ಪೂಜೆಯ ನಂತರ ಅವರ ಮನೆಗೆ ಹೋಗಿ ವಿಚಾರಿಸಿ ಬರುತ್ತಿದ್ದರು. ಕೆಲಸದವರನ್ನು ಮನೆಯವರಂತೆ ಕಾಣಬೇಕೆಂಬುದು ಆಕೆಯ ನಿಲುವಾಗಿತ್ತು.

1858ರ ಜುಲೈ 13ರಂದು ಅಲಾನ್ಸೋನಿನ ನೊತ್ರ್‌ದಾಮ್ ದೇವಾಲಯದಲ್ಲಿ ಇಬ್ಬರಿಗೂ ವಿವಾಹವಾಯಿತು. ಆ ದಿನವೇ ನವವಧು ಲೆ ಮಾನ್ ಪಟ್ಟಣದ ಕನ್ಯಾಮಠಕ್ಕೆ, ಅದೇ ವರುಷ ಮಠ ಸೇರಿದ್ದ ಅಕ್ಕನನ್ನು ನೋಡಲು ಹೋದರು. ಮಠದ ಕಂಬಿಗಳ ಆಚೆ ಅಕ್ಕ, ಈಚೆ ತಂಗಿ. ಆ ದಿನ ಅತ್ತಷ್ಟು ತಾನು ಹಿಂದೆಂದೂ ಅತ್ತಿರಲಿಲ್ಲವೆಂದು ಎಷ್ಟೋ ವರುಷಗಳ ಮೇಲೆ ಮಗಳಿಗೆ ಪತ್ರದಲ್ಲಿ ತಿಳಿಸಿದ್ದಾರೆ. ಮದುವೆಯ ದಿನದ ಕಣ್ಣೀರನ್ನು ಮಗಳಿಂದ ಮರೆಮಾಡದ ಈ ಸತ್ಯಸಂಧತೆ ನಮಗೆ ಬಹಳ ಹಿಡಿಸುತ್ತದೆ. ಮಕ್ಕಳು ಬಂದ ಮೇಲೆ ಎಲ್ಲವೂ ಬದಲಾಯಿತೆಂದೂ, ಗಂಡಹೆಂಡಿರಿಬ್ಬರೂ ಅವರಿಗಾಗಿಯೇ ಬಾಳಿದೆವೆಂದೂ ಅದೇ ಪತ್ರದಲ್ಲಿದೆ.

1860ರಿಂದ 1873ರವರೆಗಿನ ಹದಿಮೂರು ವರುಷಗಳಲ್ಲಿ ಒಂಬತ್ತು ಮಕ್ಕಳು: ಮರೀ, ಪೌಲಿನ್, ಲಿಯೋನಿ, ಹೆಲೆನ್, ಇಬ್ಬರು ಜೋಸೆಫರು, ಸೆಲಿನ್, ಮೆಲನಿ ತೆರೇಸ, ಮತ್ತು ಕಡೆಯವಳಾಗಿ ಇಂದು ಜಗತ್ತು ಬಲ್ಲ ತೆರೇಸ. ಮನೆಯಲ್ಲಿ ವೃದ್ಧ ತಂದೆಯ ಆರೈಕೆಯೂ ಆಕೆಯದೇ. ಮುಂಜಾನೆ ಐದೂವರೆಯ ಬಲಿಪೂಜೆಗೆ ದಂಪತಿಗಳಿಬ್ಬರೂ ತಪ್ಪದೆ ಹೋಗುತ್ತಿದ್ದರು. ಅದು ಬಡವರ ಪೂಜೆ, ಕೂಲಿಗೆ ಹೋಗುವವರ ಪೂಜೆ. ಭಾನುವಾರ ಲೂಯಿಯವರ ಅಂಗಡಿ ಮುಚ್ಚಿರುತ್ತಿತ್ತು. ಹಳ್ಳಿಯವರು ಪಟ್ಟಣಕ್ಕೆ ಬಂದು ಕೊಳ್ಳುವ ದಿನವೇ ಬಾಗಿಲು ಹಾಕಿದರೆ ನಷ್ಟವಲ್ಲವೇ ಎಂದು ಹಿತೈಷಿಗಳು ಹೇಳಿದರೂ ಅವರು ಕದಲಲಿಲ್ಲ. ಝೆಲಿಯವರು ಸಂತ ಫ್ರಾನ್ಸಿಸರ ಮೂರನೆಯ ಸಭೆಯ ಸದಸ್ಯೆಯೂ ಆಗಿದ್ದರು. ಇವೆಲ್ಲ ಪುಣ್ಯಚರಿತ್ರೆಗಳಲ್ಲಿ ನಾವು ಓದಿ ಬಲ್ಲ ಸಂಗತಿಗಳೇ.

ಆಕೆಯ ಪತ್ರಗಳು ಬೇರೆಯೇ ಒಂದು ಚಿತ್ರವನ್ನು ಕೊಡುತ್ತವೆ. 1863ರಿಂದ 1877ರವರೆಗೆ ತಮ್ಮನಿಗೂ ನಾದಿನಿಗೂ ವಸತಿ ಶಾಲೆಯಲ್ಲಿದ್ದ ಹೆಣ್ಣುಮಕ್ಕಳಿಗೂ ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳು ಉಳಿದುಕೊಂಡಿವೆ. ಬಹುಪಾಲು ರಾತ್ರಿಯ ಹೊತ್ತು, ಮಕ್ಕಳು ಮಲಗಿದ ಮೇಲೆ, ಕಣ್ಣು ಮುಚ್ಚಿಬರುತ್ತಿರುವಾಗ ಬರೆದವು. ಲೇಸಿನ ಬೇಡಿಕೆ ಬಂದರೆ ಅದನ್ನು ಮುಗಿಸುವ ಚಿಂತೆ, ಬಾರದಿದ್ದರೆ ಕೆಲಸಗಾರ್ತಿಯರಿಗೆ ಏನು ಕೊಡುವುದೆಂಬ ಚಿಂತೆ. ಮಕ್ಕಳ ಬಟ್ಟೆ, ಹಲ್ಲುನೋವು, ತುಂಟತನ. ತನ್ನ ಸಿಡುಕಿನ ಬಗ್ಗೆ ಬೇಸರ. 1871ರ ಜನವರಿಯಲ್ಲಿ ಒಂಬತ್ತು ಮಂದಿ ಜರ್ಮನ್ ಸೈನಿಕರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿ ಬಂದಾಗ ಅವರ ಹೊಟ್ಟೆಬಾಕತನದ ಮೇಲೆ ಸಿಟ್ಟು. ಸಂತಳಾಗಬೇಕೆಂಬ ಆಸೆಯೂ ಇದೇ ಸಾಲುಗಳ ನಡುವೆ ಬಂದುಹೋಗುತ್ತದೆ, ಬಹಳ ಹೊರೆ ಬಾಕಿಯಿದೆಯೆಂಬ ನಗುವಿನೊಡನೆ. ಬಣ್ಣದ ಪಟಗಳಲ್ಲಿ ಕಾಣುವ ನಿಶ್ಚಿಂತ ಮುಖದ ಮಾತೆಯನ್ನು ಈ ಪತ್ರಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

1867 ಮತ್ತು 1870ರ ನಡುವೆ, ನಾಲ್ಕು ವರುಷಗಳು ತುಂಬುವ ಮೊದಲೇ, ಆಕೆ ನಾಲ್ಕು ಮಕ್ಕಳನ್ನು ಸಮಾಧಿ ಮಾಡಿದರು. ತಮಗೊಬ್ಬ ಗಂಡುಮಗ ಹುಟ್ಟಿ ಗುರುವಾಗಿ ದೂರದೇಶಗಳಲ್ಲಿ ಸುವಾರ್ತೆ ಸಾರಬೇಕೆಂಬುದು ದಂಪತಿಗಳ ಪ್ರಾರ್ಥನೆಯಾಗಿತ್ತು. ಸಂತ ಜೋಸೆಫರಲ್ಲಿ ಬೇಡಿಕೊಂಡು ಪಡೆದ ಮೊದಲನೆಯ ಗಂಡುಮಗು 1867ರ ಫೆಬ್ರವರಿಯಲ್ಲಿ, ಐದು ತಿಂಗಳೂ ತುಂಬದೆ ತೀರಿಕೊಂಡಿತು. ಮತ್ತೆ ಬೇಡಿಕೊಂಡರು, ಅದೇ ವರುಷದ ಡಿಸೆಂಬರಿನಲ್ಲಿ ಹುಟ್ಟಿದ ಎರಡನೆಯ ಜೋಸೆಫ್ 1868ರ ಆಗಸ್ಟ್ 24ರಂದು ಕಣ್ಣು ಮುಚ್ಚಿದ. ಹತ್ತೇ ದಿನಗಳ ಬಳಿಕ ತಂದೆಯೂ ಹೋದರು. 1870ರ ಫೆಬ್ರವರಿಯಲ್ಲಿ ಐದು ವರುಷದ ಹೆಲೆನ್. ಅದೇ ವರುಷದ ಅಕ್ಟೋಬರಿನಲ್ಲಿ ಎರಡು ತಿಂಗಳ ಕೂಸು ಮೆಲನಿ ತೆರೇಸ. ಹಾಲೂಡಿಸಲು ಒಪ್ಪಿಸಿದ್ದ ದಾದಿಯ ಅಲಕ್ಷ್ಯದಿಂದ ಹಸಿವಿನಲ್ಲಿಯೇ ಕ್ಷೀಣಿಸಿಹೋದ ಮಗು ಅದು. ತಾಯಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಆಕೆ ತಾನೇ ಏಕೆ ಹಾಲೂಡಲಿಲ್ಲವೆಂದು ಕೇಳುವವರಿಗೆ ಹೇಳಬೇಕು: 1865ರಷ್ಟು ಹಿಂದೆಯೇ ಆಕೆಯ ಎದೆಯಲ್ಲಿ ಗಂಟೊಂದು ಕಾಣಿಸಿಕೊಂಡು ಬಾಧಿಸತೊಡಗಿತ್ತು. ಅದನ್ನು ತಮ್ಮನಿಗೆ ಪತ್ರದಲ್ಲಿ ತಿಳಿಸಿಯೂ ಇದ್ದರು. ಆಗ ಚಿಕಿತ್ಸೆ ನಡೆಯಲಿಲ್ಲ.

ಐದು ವರುಷದ ಹೆಲೆನಳ ವಿಷಯದಲ್ಲಿ ತಾಯಿಯ ಮನಸ್ಸನ್ನು ಒಂದು ಅಳುಕು ಕೊರೆಯುತ್ತಿತ್ತು. ಮಗು ಎಂದೋ ಒಂದು ಸಣ್ಣ ಸುಳ್ಳು ಹೇಳಿತ್ತು. ತಾನು ಅವಳನ್ನು ಪಾಪನಿವೇದನೆಗೆ ಕರೆದೊಯ್ಯಲಿಲ್ಲವಲ್ಲ, ಈಗ ಅವಳು ನೋವಿನಲ್ಲಿದ್ದಾಳೆಯೇ ಎಂಬ ಸಂಕಟ. ಮನೆಯಲ್ಲಿದ್ದ ಕನ್ಯಾಮಾತೆಯ ಸ್ವರೂಪದ ಮುಂದೆ ನಿಂತು ಕೇಳಿದಾಗ, ಮಗು ಇಲ್ಲಿ ನನ್ನ ಬಳಿಯಿದೆ ಎಂಬ ಉತ್ತರ ಅಂತರಂಗದಲ್ಲಿ ಕೇಳಿಸಿತೆಂದು ಕುಟುಂಬದವರು ನೆನಪಿಟ್ಟುಕೊಂಡಿದ್ದಾರೆ. 1883ರಲ್ಲಿ ಕಾಯಿಲೆಯಲ್ಲಿ ಮಲಗಿದ್ದ ಬಾಲೆ ತೆರೇಸಳನ್ನು ನೋಡಿ ಮುಗುಳ್ನಕ್ಕಿತೆಂದು ಹೇಳುವ ಸ್ವರೂಪವೂ ಇದೇ.

ಮಕ್ಕಳನ್ನು ಕಳೆದುಕೊಂಡ ಆ ದಿನಗಳಲ್ಲಿ, ಆ ಮಕ್ಕಳು ಹುಟ್ಟದೇ ಇದ್ದಿದ್ದರೆ ಒಳ್ಳೆಯದಿತ್ತೆಂದು ಸಮಾಧಾನ ಹೇಳಲು ಬಂದವರಿದ್ದರು. ಆ ಮಾತನ್ನು ತಾನು ಸಹಿಸಲಾರೆನೆಂದು ಝೆಲಿಯವರು ಬರೆದಿದ್ದಾರೆ. ಮಕ್ಕಳ ನಿತ್ಯಾನಂದದ ಮುಂದೆ ತನ್ನ ಕಷ್ಟಗಳು ಲೆಕ್ಕಕ್ಕಿಲ್ಲ, ಅವರನ್ನು ಮೇಲೆ ಮತ್ತೆ ಕಾಣುವೆ ಎಂಬುದು ಆಕೆಯ ಉತ್ತರ. ಇದನ್ನು ಓದಿದಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಗಿ ತಲೆ ತಗ್ಗಿಸುವಂತಾಯಿತು. ಗುರುಪಟ್ಟ ಪಡೆದ ಹೊಸದರಲ್ಲಿ, ಹಸುಗೂಸನ್ನು ಮಣ್ಣಿಗಿಟ್ಟು ಬಂದ ತಾಯಿಯೊಬ್ಬರಿಗೆ, ನಿಮಗೆ ಇನ್ನೂ ನಾಲ್ಕು ಮಕ್ಕಳಿದ್ದಾರಲ್ಲಮ್ಮ ಎಂದು ನಾವು ಹೇಳಿದ್ದೆವು. ಆಕೆ ನಮ್ಮನ್ನು ನೋಡಿ, ಹೌದು ಸ್ವಾಮಿ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಗುರುಮಠದಲ್ಲಿ ಕಲಿತ ದೈವಶಾಸ್ತ್ರದಲ್ಲಿ ಆ ಹೊತ್ತಿಗೆ ಬೇಕಾದ ಮಾತು ಇರಲಿಲ್ಲವೆಂದಲ್ಲ, ನಮಗೆ ಹುಡುಕಲು ತಿಳಿದಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ 1873ರ ಜನವರಿ 2ರಂದು ಕಡೆಯ ಮಗು ಹುಟ್ಟಿತು. ಆಗ ತಾಯಿಗೆ ನಲವತ್ತೊಂದು ವರುಷ. ಮಾರ್ಚ್ ತಿಂಗಳಲ್ಲಿ ಈ ಮಗುವಿಗೂ ಕರುಳಿನ ಬೇನೆ ಹತ್ತಿ, ಮೊಲೆಹಾಲಿಲ್ಲದೆ ಉಳಿಯದೆಂದು ವೈದ್ಯರು ಹೇಳಿದರು. ಬೆಳಗಾಗುತ್ತಲೇ ಝೆಲಿಯವರು ಒಬ್ಬರೇ ನಡೆದು ಸೆಮಲ್ಲೆ ಎಂಬ ಹಳ್ಳಿಗೆ ಹೋದರು. ಗಂಡುಮಕ್ಕಳಿಗೆ ಹಾಲೂಡಿದ್ದ ರೋಜ್ ತಾಯೆ ಎಂಬ ರೈತ ಹೆಂಗಸು ಅಲ್ಲಿದ್ದರು. ಆಕೆಯನ್ನು ಕರೆದುಕೊಂಡು ಮನೆಗೆ ಮರಳಿದಾಗ ಮಗುವನ್ನು ನೋಡಿದ ರೋಜ್ ತಲೆಯಾಡಿಸಿಬಿಟ್ಟರು, ಬಂದು ಫಲವಿಲ್ಲವೆಂಬಂತೆ. ತಾಯಿ ಮೇಲಿನ ಕೋಣೆಗೆ ಹೋಗಿ ಸಂತ ಜೋಸೆಫರ ಮುಂದೆ ಮೊಣಕಾಲೂರಿ, ಮಗುವನ್ನು ಉಳಿಸಿಕೊಡಬೇಕೆಂದೂ, ದೇವಚಿತ್ತ ಬೇರೆಯಿದ್ದರೆ ಒಪ್ಪಿಸಿಕೊಡುವೆನೆಂದೂ ಅತ್ತು ಬೇಡಿಕೊಂಡರು. ಕೆಳಗಿಳಿದು ಬಂದಾಗ ಮಗು ಹಾಲು ಕುಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ಉಸಿರಿಲ್ಲದಂತೆ ಬಿದ್ದುಬಿಟ್ಟಿತು. ಸತ್ತೇಹೋಯಿತೆಂದು ತಾಯಿ ನೋಡುತ್ತಿರುವಂತೆಯೇ ಕಣ್ಣು ತೆರೆದು ನಕ್ಕಿತು. ಆ ಮಗು ಒಂದು ವರುಷಕ್ಕೂ ಮಿಕ್ಕಿ ಸೆಮಲ್ಲೆಯಲ್ಲಿಯೇ ಬೆಳೆದು, 1874ರ ಏಪ್ರಿಲಿನಲ್ಲಿ ಕೆನ್ನೆಯ ಮೇಲೆ ಬಿಸಿಲ ಬಣ್ಣ ಹೊತ್ತು ಮನೆಗೆ ಬಂದಿತು.

ಎಲ್ಲರೂ ತೆರೇಸಮ್ಮನವರ ಕಡೆಗೇ ನೋಡುವುದರಿಂದ ಮರೆತುಹೋಗುವ ಮಗಳೊಬ್ಬಳಿದ್ದಾಳೆ: ಮೂರನೆಯವಳಾದ ಲಿಯೋನಿ. ರೋಗಿಷ್ಠೆ, ಓದಿನಲ್ಲಿ ಹಿಂದೆ, ಹಟ ಬಹಳ. ಸೋದರತ್ತೆಯಲ್ಲ, ತಾಯಿಯ ಸ್ವಂತ ಅಕ್ಕನೇ ಇದ್ದ ಲೆ ಮಾನ್ ಕನ್ಯಾಮಠದ ಶಾಲೆಗೆ ಸೇರಿಸಿದರೂ ಅಲ್ಲಿಯವರು ಅವಳನ್ನು ಇಟ್ಟುಕೊಳ್ಳಲಾರದೆ ಹಿಂದಕ್ಕೆ ಕಳುಹಿಸಿದರು. ಒಂಬತ್ತು ಮಕ್ಕಳಲ್ಲಿ ತಾಯಿಯ ನಿದ್ದೆಗೆಡಿಸಿದವಳು ಇವಳೇ. ಒಳ್ಳೆಯ ಮಾತು, ಗದರಿಕೆ ಯಾವುದೂ ನಾಟುತ್ತಿರಲಿಲ್ಲ. 1877ರ ಆರಂಭದಲ್ಲಿ ಆ ಅಕ್ಕ ಮರಣಶಯ್ಯೆಯಲ್ಲಿದ್ದಾಗ, ಸ್ವರ್ಗಕ್ಕೆ ಹೋದ ಕೂಡಲೇ ಕನ್ಯಾಮಾತೆಯನ್ನು ಕಂಡು ಲಿಯೋನಿಯ ವಿಷಯವನ್ನು ಹೇಳಬೇಕೆಂದು ತಂಗಿ ಕೇಳಿಕೊಂಡರು. ಕೆಲವೇ ವಾರಗಳಲ್ಲಿ ನಿಜ ಸಂಗತಿ ಹೊರಬಿದ್ದಿತು. ಮನೆಗೆಲಸದ ಹೆಂಗಸು ಯಾರಿಗೂ ತಿಳಿಯದಂತೆ ಹುಡುಗಿಯನ್ನು ಬೆದರಿಸಿ, ಹೊಡೆದು, ತಾನು ಹೇಳಿದಂತೆ ಮಾತ್ರ ನಡೆಯುವಂತೆ ಮಾಡಿಕೊಂಡಿದ್ದಳು. ತಾಯಿಯ ಮಾತು ಕೇಳಿದರೆ ಶಿಕ್ಷೆ. ಇದನ್ನು ಕಂಡುಹಿಡಿದವಳು ಹಿರಿಯ ಮಗಳು ಮರೀ. ಒಂದೇ ಸೂರಿನಡಿಯಲ್ಲಿ ವರುಷಗಟ್ಟಲೆ ನಡೆದದ್ದು ತನ್ನ ಕಣ್ಣಿಗೆ ಬೀಳಲಿಲ್ಲವೆಂಬುದು ಝೆಲಿಯವರಿಗೆ ಎಂತಹ ನೋವಾಗಿರಬೇಕು! ಲೇಸಿನ ದುಡಿಮೆಯೇ ಆಕೆಯ ಸಮಯವನ್ನೆಲ್ಲ ನುಂಗಿಬಿಟ್ಟಿತ್ತೆಂದು ಹೇಳಿದರೆ ದೂಷಣೆಯಾಗಲಾರದು. ಅಂದಿನಿಂದ ಮಗಳನ್ನು ಪಕ್ಕದಿಂದ ಅಗಲಗೊಡಲಿಲ್ಲ. ಹುಡುಗಿಯೂ ತಾಯಿಯನ್ನು ಬಿಟ್ಟಿರದಾದಳು.

ಆದರೆ ಕಾಲ ಉಳಿದಿರಲಿಲ್ಲ. ಎದೆಯ ಗಂಟು ಕ್ಯಾನ್ಸರೆಂದೂ, ಶಸ್ತ್ರಚಿಕಿತ್ಸೆಯ ಕಾಲ ಮೀರಿದೆಯೆಂದೂ 1876ರ ಡಿಸೆಂಬರಿನಲ್ಲಿಯೇ ವೈದ್ಯರು ತಿಳಿಸಿದ್ದರು. ಈಗ ತಾನು ಬದುಕಬೇಕೆಂದು ಬಯಸುವುದು ಲಿಯೋನಿಗಾಗಿ ಎಂದು ಆಕೆ ಬರೆದರು. 1877ರ ಜೂನ್ ತಿಂಗಳಲ್ಲಿ ಮರೀ, ಪೌಲಿನ್, ಲಿಯೋನಿ ಮೂವರನ್ನೂ ಕರೆದುಕೊಂಡು ಲೂರ್ದು ಯಾತ್ರೆಗೆ ಹೊರಟರು. ಸುದೀರ್ಘವಾದ ರೈಲು ಪ್ರಯಾಣ, ಸಹಿಸಲಾಗದ ನೋವು. ನಾಲ್ಕು ಸಲ ಪುಣ್ಯಜಲದಲ್ಲಿ ಮುಳುಗಿ ಎದ್ದರು. ಗುಣವಾಗಲಿಲ್ಲ. ಹೆಣ್ಣುಮಕ್ಕಳು ಕಳೆಗುಂದಿ ಕುಳಿತಿದ್ದಾಗ ಅವರನ್ನು ಸಂತೈಸಿದವರು ತಾಯಿಯೇ.

ಆಗಸ್ಟ್ ತಿಂಗಳ ಮೊದಲ ಶುಕ್ರವಾರ ಹೆಜ್ಜೆಹೆಜ್ಜೆಗೂ ನಿಲ್ಲುತ್ತ ಮುಂಜಾನೆಯ ಪೂಜೆಗೆ ಹೋಗಿಬಂದರು. 26ರಂದು ಪತಿಯೇ ಹೋಗಿ ಗುರುಗಳನ್ನು ಕರೆತಂದರು. ಮನೆಮಂದಿಯೆಲ್ಲ ಮೊಣಕಾಲೂರಿರುವಾಗ ಅಂತಿಮ ಅಭ್ಯಂಗವಾಯಿತು. 1877ರ ಆಗಸ್ಟ್ 28ರಂದು, ಸಂತ ಅಗಸ್ಟೀನರ ಹಬ್ಬದ ದಿನ, ಮಧ್ಯರಾತ್ರಿ ಕಳೆದು ಅರ್ಧ ತಾಸಿಗೆ ಝೆಲಿಯವರು ತೀರಿಕೊಂಡರು. ವಯಸ್ಸು ನಲವತ್ತೈದು. ಹಿರಿಯ ಮಗಳಿಗೆ ಹದಿನೇಳು, ಕಿರಿಯಳಿಗೆ ನಾಲ್ಕೂವರೆ ದಾಟಿತ್ತು. ಶವಸಂಸ್ಕಾರದ ದಿನ ಎಂಟು ವರುಷದ ಸೆಲಿನ್ ಓಡಿಹೋಗಿ ಮರೀಯ ಕೊರಳಿಗೆ ಬಿದ್ದು, ಇನ್ನು ನೀನೇ ನನ್ನ ಅಮ್ಮ ಎಂದಳು. ಅದನ್ನು ನೋಡಿದ ತೆರೇಸ ಪೌಲಿನಳನ್ನು ಆರಿಸಿಕೊಂಡಳು.

ಮುಂದಿನದು ಬಹುಪಾಲು ಎಲ್ಲರಿಗೂ ತಿಳಿದ ಚರಿತ್ರೆ. ಲೂಯಿಯವರು ಅದೇ ವರುಷದ ನವೆಂಬರಿನಲ್ಲಿ ಐವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಭಾವಮೈದುನನ ಊರಾದ ಲಿಸ್ಯೂಗೆ ಹೋದರು. ಅಲ್ಲಿಯ ಕಾರ್ಮೆಲ್ ಮಠವನ್ನು ಪೌಲಿನ್ 1882ರಲ್ಲಿ, ಮರೀ 1886ರಲ್ಲಿ, ತೆರೇಸ 1888ರಲ್ಲಿ, ತಂದೆ ತೀರಿಕೊಂಡ ಮೇಲೆ ಸೆಲಿನ್ 1894ರಲ್ಲಿ ಸೇರಿದರು. ಮಠಾಧ್ಯಕ್ಷೆಯಾಗಿದ್ದ ಪೌಲಿನಳ ಅಪ್ಪಣೆಯಂತೆ ತೆರೇಸ ತನ್ನ ಬಾಲ್ಯದ ನೆನಪುಗಳನ್ನು ಬರೆಯಲು ಕುಳಿತಾಗ, ತಾಯಿಯ ಆ ರಾತ್ರಿಯ ಪತ್ರಗಳು ಕೈಗೆ ಬಂದವು. ತನಗೆ ನೆನಪಿಲ್ಲದ ಶೈಶವವನ್ನು ಆಕೆ ಅವುಗಳಿಂದಲೇ ಎತ್ತಿ ಬರೆದರು. ತೆರೇಸಮ್ಮನವರು 1897ರಲ್ಲಿ ಸ್ವರ್ಗಸ್ಥರಾಗಿ 1925ರಲ್ಲಿ ಸಂತಪದವಿಗೇರಿದರು. 1927ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್‌ರವರು, ಮಠದ ಗೋಡೆಯಾಚೆ ಕಾಲಿಡದ ಈ ಕನ್ಯಾಸ್ತ್ರೀಯನ್ನು ಸಂತ ಫ್ರಾನ್ಸಿಸ್ ಜೇವಿಯರರೊಡನೆ ಸಮಸ್ತ ಮಿಷನ್‌ಗಳ ಪಾಲಕಿಯೆಂದು ಘೋಷಿಸಿದರು. ಗಂಡುಮಗ ಹುಟ್ಟಿ ದೂರದೇಶಕ್ಕೆ ಗುರುವಾಗಿ ಹೋಗಲೆಂದು ಆ ತಾಯಿ ಮಾಡಿದ್ದ ಪ್ರಾರ್ಥನೆಯನ್ನು ಇಲ್ಲಿ ನೆನೆಯದಿರಲಾರೆವು. ಅಂತಹ ಪ್ರಾರ್ಥನೆಗಳು ಆಗಿನ ಫ್ರಾನ್ಸಿನ ಎಷ್ಟೋ ಮನೆಗಳಲ್ಲಿ ನಡೆಯುತ್ತಿದ್ದವು. ನಮ್ಮ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬೋಯ್ ಅವರೂ, ಅವರ ನಂತರ ಬಂದ ಪ್ಯಾರಿಸ್ ವಿದೇಶ ಮಿಷನ್ ಸಂಘದ ಗುರುಗಳೂ ಅಂತಹ ಮನೆಗಳಿಂದ ಹೊರಟುಬಂದವರೇ. ಅವರನ್ನು ಹಡಗು ಹತ್ತಿಸಿ ಕಳುಹಿಸಿದ ತಾಯಂದಿರಲ್ಲಿ ಬಹುಮಂದಿ ಮಕ್ಕಳ ಮುಖವನ್ನು ಮತ್ತೆ ನೋಡಲಿಲ್ಲ. ಅವರ ಹೆಸರುಗಳನ್ನು ನಾವು ಎಲ್ಲಿಯೂ ಬರೆದಿಟ್ಟುಕೊಂಡಿಲ್ಲ.

ಝೆಲಿ ಮತ್ತು ಲೂಯಿ ದಂಪತಿಗಳನ್ನು 2008ರ ಅಕ್ಟೋಬರ್ 19ರಂದು ಲಿಸ್ಯೂ ನಗರದಲ್ಲಿ ಧನ್ಯರೆಂದು ಸಾರಲಾಯಿತು. 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತ ಧರ್ಮಾಧ್ಯಕ್ಷರ ಸಮ್ಮೇಳನ ರೋಮಿನಲ್ಲಿ ನಡೆಯುತ್ತಿರುವಾಗಲೇ ಜಗದ್ಗುರು ಫ್ರಾನ್ಸಿಸ್‌ರವರು ಇಬ್ಬರಿಗೂ ಸಂತಪದವಿಯನ್ನಿತ್ತರು. ಗಂಡಹೆಂಡಿರು ದಂಪತಿಗಳಾಗಿ ಒಟ್ಟಿಗೇ ಆ ಪದವಿಗೇರಿದ್ದು ಅದೇ ಮೊದಲು. ತಾಯಿ ಮಣ್ಣಾಗಿ ಆಗ ನೂರ ಮೂವತ್ತೆಂಟು ವರುಷಗಳಾಗಿದ್ದವು. ಜುಲೈ 12 ಅವರ ಸ್ಮರಣೆಯ ದಿನ. ನಮ್ಮ ವಿಚಾರಣೆಯ ತಾಯಂದಿರು ಆ ದಿನ ಪೂಜೆಗೆ ಬರುವಾಗ ತಮ್ಮ ತಾಯಿ ಅಜ್ಜಿಯರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತಂದುಕೊಟ್ಟರೆ ಪೀಠದ ಮೇಲಿಟ್ಟು ಪ್ರಾರ್ಥಿಸುತ್ತೇವೆ.

ಲಿಯೋನಿಯ ಮಾತೊಂದು ಬಾಕಿಯಿದೆ. ಆಕೆ ಮೂರು ಸಲ ಕನ್ಯಾಮಠ ಸೇರಿ ಮೂರು ಸಲವೂ ಮನೆಗೆ ಮರಳಬೇಕಾಯಿತು. ನಾಲ್ಕನೆಯ ಸಲ, 1899ರಲ್ಲಿ, ತೆರೇಸ ತೀರಿಕೊಂಡ ಮೇಲೆ, ಕಾನ್ ಪಟ್ಟಣದ ವಿಸಿಟೇಷನ್ ಮಠವನ್ನು ಸೇರಿ ಅಲ್ಲಿಯೇ ಉಳಿದರು. ಮಠದ ಸಾಮಾನ್ಯ ಕೆಲಸಗಳನ್ನು ಮಾಡುತ್ತ ನಲವತ್ತೆರಡು ವರುಷ ಬಾಳಿ 1941ರಲ್ಲಿ ಕಣ್ಣು ಮುಚ್ಚಿದರು. ತಾಯಿ ಸಂತಪದವಿಗೇರಿದ 2015ರಲ್ಲಿಯೇ ಈ ಮಗಳನ್ನೂ ಸಂತರ ಸಾಲಿಗೆ ಸೇರಿಸುವ ವಿಚಾರಣಾ ಕ್ರಮ ಕಾನ್ ನಗರದಲ್ಲಿ ಆರಂಭವಾಯಿತು. ಮಕ್ಕಳ ವಿಷಯದಲ್ಲಿ ದಾರಿ ಕಾಣದ ತಂದೆತಾಯಿಗಳು ಇಂದು ಆಕೆಯ ಸಮಾಧಿಯ ಬಳಿಗೆ ಬಂದು ತಮ್ಮ ಮಕ್ಕಳ ಹೆಸರು ಹೇಳಿ ಬೇಡಿಕೊಳ್ಳುತ್ತಾರೆ.